ಗೋಧಿ ತಿನ್ನದ ಮಗಳಿಗೆ ಗೆಳತಿಯರು ಬೇಕು: ಹುಬ್ಬಳ್ಳಿ-ಧಾರವಾಡ, ಗದಗ, ಹಾವೇರಿ ಕಡೆಯವರು ಹೇಳಿ

ಉಣಕಲ್ ಅವ್ವ (ರವಿವಾರ, ರಾತ್ರಿ 9:40)

ಎಲ್ಲರಿಗೂ ನಮಸ್ಕಾರ. ನನ್ನ ಮಗಳಿಗೆ ಎಂಟು ವರ್ಷ, ಮೂರನೆಯ ತರಗತಿ. ಹೋದ ಶ್ರಾವಣದಲ್ಲಿ ಅವಳಿಗೆ ಸೀಲಿಯಾಕ್ ಕಾಯಿಲೆ ಎಂದು ಗೊತ್ತಾಯಿತು. ಅದಕ್ಕೆ ಮುಂಚೆ ಎರಡು ವರ್ಷ ಜಂತುಹುಳ, ರಕ್ತ ಕಡಿಮೆ, ‘ಮಗು ಸರಿಯಾಗಿ ಉಣ್ಣುವುದಿಲ್ಲ’ ಎಂದು ಒಬ್ಬೊಬ್ಬರು ಒಂದೊಂದು ಹೇಳಿ ನಮ್ಮ ಕಪಾಟು ಟಾನಿಕ್ ಬಾಟಲಿಗಳಿಂದ ತುಂಬಿತ್ತು. ಈಗ ಗೋಧಿ ಬಿಟ್ಟ ಮೇಲೆ ನಾಲ್ಕು ಕಿಲೋ ಏರಿದ್ದಾಳೆ, ಫ್ರಾಕುಗಳೆಲ್ಲ ಗಿಡ್ಡವಾಗಿವೆ. ಊಟ ಒಂದು ಹದಕ್ಕೆ ಬಂದಿದೆ. ನಾನು ಕೇಳಲು ಬಂದದ್ದು ಊಟದ ವಿಷಯವಲ್ಲ.

ಕಳೆದ ಬುಧವಾರ ತರಗತಿಯಲ್ಲಿ ಒಬ್ಬ ಹುಡುಗನ ಹುಟ್ಟುಹಬ್ಬ. ಕೇಕು ಹಂಚಿದಾಗ ಇವಳು ‘ನನಗೆ ತಿನ್ನಲು ಬರುವುದಿಲ್ಲ’ ಎಂದಿದ್ದಾಳೆ. ಪಕ್ಕದ ಹುಡುಗಿ ‘ಇವಳಿಗೆ ರೋಗ ಇದೆ, ಇವಳ ಡಬ್ಬಿ ಮುಟ್ಟಬೇಡ ಎಂದು ಮಮ್ಮಿ ಹೇಳಿದ್ದಾರೆ’ ಎಂದಳಂತೆ. ಸಂಜೆ ಮನೆಗೆ ಬಂದವಳು ಚೀಲದಿಂದ ಕರವಸ್ತ್ರದ ಗಂಟೊಂದನ್ನು ತೆಗೆದಳು. ಒಳಗೆ ಅದೇ ಕೇಕಿನ ತುಂಡು. ಮೇಲಿದ್ದ ಕ್ರೀಮಿನ ಗುಲಾಬಿ ಚಪ್ಪಟೆಯಾಗಿ ಬಟ್ಟೆಗೆ ಮೆತ್ತಿಕೊಂಡಿತ್ತು. ಅಡುಗೆಮನೆಯ ಕಟ್ಟೆಯ ಮೇಲೆ ಬಿಚ್ಚಿಟ್ಟು, ‘ಅವ್ವಾ, ಇದರಲ್ಲಿ ಗೋಧಿ ಇಲ್ಲದ ಭಾಗ ಯಾವುದು ತೋರಿಸು’ ಎಂದಳು. ಗುಲಾಬಿಯಲ್ಲಿ ಗೋಧಿ ಇರಲಿಕ್ಕಿಲ್ಲ, ಆದರೆ ಕೇಕಿಗೆ ಅಂಟಿದ್ದ ಗುಲಾಬಿಯನ್ನು ಹೇಗೆ ಕೊಡಲಿ? ಕೊಡಲಿಲ್ಲ. ಅವಳು ಅಳಲೂ ಇಲ್ಲ. ಕರವಸ್ತ್ರವನ್ನು ತಾನೇ ಬಕೆಟ್ಟಿನಲ್ಲಿ ನೆನೆಹಾಕಿ ಹೋಂವರ್ಕಿಗೆ ಕುಳಿತಳು.

ಮಧ್ಯಾಹ್ನದ ಬಿಡುವಿನಲ್ಲಿ ಈಗ ಒಬ್ಬಳೇ ಕುಳಿತು ಉಣ್ಣುತ್ತಾಳೆ. ಇಂಥ ಮಕ್ಕಳು ನಮ್ಮ ಕಡೆ ಬೇರೆ ಯಾರಾದರೂ ಇದ್ದಾರೆಯೇ? ಅವಳಿಗೆ ಜೊತೆ ಹೇಗೆ ಹುಡುಕಲಿ?

ಸಾಂಬಾರ್ ಪ್ರಿಯ (9:52)

ಅಕ್ಕಾ, ಇಷ್ಟು ತಲೆ ಕೆಡಿಸಿಕೊಳ್ಳಬೇಡಿ. ಚೂರುಚೂರೇ ತಿನ್ನಿಸಿ ರೂಢಿ ಮಾಡಿಸಿ. ನಮ್ಮ ಕಾಲದಲ್ಲಿ ಈ ಕಾಯಿಲೆಗಳ ಹೆಸರೇ ಇರಲಿಲ್ಲ.

ವಾರ್ಡ್ ಸಿಸ್ಟರ್ (10:05)

ಮೇಲಿನವರ ಮಾತನ್ನು ದಯವಿಟ್ಟು ಯಾರೂ ಪಾಲಿಸಬೇಡಿ. ಇದು ರೂಢಿಯಿಂದ ಹೋಗುವಂಥದ್ದಲ್ಲ. ಗೋಧಿ, ಬಾರ್ಲಿ, ರೈ ಧಾನ್ಯಗಳಲ್ಲಿರುವ ಗ್ಲುಟೆನ್ ಹೊಟ್ಟೆಗೆ ಹೋದಾಗ ಮಗುವಿನ ರೋಗನಿರೋಧಕ ವ್ಯವಸ್ಥೆ ತನ್ನದೇ ಸಣ್ಣ ಕರುಳಿನ ಮೇಲೆ ದಾಳಿ ಮಾಡುತ್ತದೆ. ಕರುಳಿನ ಒಳಗೋಡೆಯಲ್ಲಿ ಮಖಮಲ್ಲಿನ ಎಳೆಗಳಂತೆ ನಿಂತಿರುವ ‘ವಿಲ್ಲೈ’ ಸವೆದು ಚಪ್ಪಟೆಯಾಗುತ್ತವೆ. ಆಗ ತಿಂದದ್ದು ಮೈಗೆ ಹತ್ತುವುದಿಲ್ಲ. ರಕ್ತಹೀನತೆ, ಕುಳ್ಳು, ಹೊಟ್ಟೆಯುಬ್ಬರ ಎಲ್ಲ ಬರುವುದು ಅದರಿಂದಲೇ. ಸದ್ಯಕ್ಕೆ ಇದಕ್ಕೆ ಇರುವ ಚಿಕಿತ್ಸೆ ಒಂದೇ, ಜೀವನಪೂರ್ತಿ ಗ್ಲುಟೆನ್ ಬಿಡುವುದು.

ಇದು ಅಂಟುರೋಗ ಅಲ್ಲವೇ ಅಲ್ಲ. ಒಂದೇ ತಟ್ಟೆಯಲ್ಲಿ ಉಂಡರೂ ಆ ಹುಡುಗಿಗೆ ಏನೂ ಆಗುವುದಿಲ್ಲ. ಅಪಾಯ ಇರುವುದು ತಿರುಗುಮುರುಗಾಗಿ: ಆ ಹುಡುಗಿಯ ಡಬ್ಬಿಯ ಚಪಾತಿಯ ಪುಡಿ ನಿಮ್ಮ ಮಗಳ ಡಬ್ಬಿಗೆ ಬೀಳಬಾರದು.

ಸಾಂಬಾರ್ ಪ್ರಿಯ (10:11)

ಸರಿ, ತಪ್ಪು ನನ್ನದು. ಆದರೆ ಚೂರು ಎಂದರೆ ಎಷ್ಟು ಚೂರು ಸಿಸ್ಟರ್? ಪುಡಿಗೂ ಹೆದರಬೇಕೇ?

ವಾರ್ಡ್ ಸಿಸ್ಟರ್ (10:15)

ಪೊಟ್ಟಣದ ಮೇಲೆ ‘ಗ್ಲುಟೆನ್ ರಹಿತ’ ಎಂದು ಬರೆಯಬೇಕಾದರೆ ಒಂದು ಕಿಲೋ ಪದಾರ್ಥದಲ್ಲಿ 20 ಮಿಲಿಗ್ರಾಂಗಿಂತ ಹೆಚ್ಚು ಗ್ಲುಟೆನ್ ಇರಬಾರದು, ನಮ್ಮ ದೇಶದ ಆಹಾರ ಸುರಕ್ಷತಾ ನಿಯಮವೂ ಅದನ್ನೇ ಹೇಳುತ್ತದೆ. ಈಗ ನೀವೇ ಲೆಕ್ಕ ಹಾಕಿ.

ಬ್ಯಾಡಗಿ ಖಾರ (10:31)

ಅಕ್ಕಾ, ನೀವು ಪುಣ್ಯವಂತರು. ಈ ಕಾಯಿಲೆ ಪಂಜಾಬಿನಲ್ಲಿ ಬಂದಿದ್ದರೆ ಮೂರು ಹೊತ್ತೂ ಸಂಕಟ. ನಮ್ಮದು ಜೋಳದ ನಾಡು. ಜೋಳ, ಸಜ್ಜೆ, ನವಣೆ, ಸಾಮೆ, ಶೇಂಗಾ ಚಟ್ನಿ, ಗುರೆಳ್ಳು ಪುಡಿ, ಜುಣಕ, ಎಣ್ಣೆಗಾಯಿ. ಯಾವುದರಲ್ಲಿ ಗೋಧಿ ಇದೆ ಹೇಳಿ? ನಿಮ್ಮ ಮಗಳ ಡಬ್ಬಿಯೇ ಅಸಲಿ ಉತ್ತರ ಕರ್ನಾಟಕದ ಡಬ್ಬಿ. ಉಳಿದ ಮಕ್ಕಳು ನೂಡಲ್ಸ್ ತರುತ್ತಾರೆ, ಅವರಿಗೆ ನಾಚಿಕೆಯಾಗಬೇಕು.

ಗಿರಣಿ ಕಾಕಾ (10:48)

ತಮ್ಮಾ, ಮಾತು ಕೇಳಲು ಚೆನ್ನಾಗಿದೆ. ಮೂವತ್ತು ವರ್ಷದಿಂದ ಗಿರಣಿ ನಡೆಸುತ್ತಿದ್ದೇನೆ, ನನ್ನ ಮಾತೂ ಕೇಳು. ಮುಂದಿನವರ ಗೋಧಿ ಬೀಸಿ ಮುಗಿದ ಮೇಲೆ ಕಲ್ಲಿನ ಸಂದಿನಲ್ಲಿ, ಹಿಟ್ಟು ಇಳಿಯುವ ಬಟ್ಟೆಯ ತೋಳಿನಲ್ಲಿ ಒಂದು ಬೊಗಸೆಯಾದರೂ ಉಳಿಯುತ್ತದೆ. ಮರುಕ್ಷಣ ಜೋಳ ಸುರಿದರೆ ಆ ಬೊಗಸೆ ಗೋಧಿಹಿಟ್ಟು ಹೋಗುವುದು ಜೋಳದವರ ಡಬ್ಬಕ್ಕೆ. ಜೋಳಕ್ಕೆ ಬೇರೆ ಕಲ್ಲು ಇಟ್ಟ ಗಿರಣಿಯಲ್ಲೂ ಹಿಟ್ಟಿನ ಧೂಳು ಹಾರಾಡುತ್ತಲೇ ಇರುತ್ತದೆ. ಸಂಜೆ ನನ್ನ ಹುಬ್ಬು ನೋಡಬೇಕು ನೀನು. ಈ ಕಾಯಿಲೆಯ ಕೂಸಿಗೆ ಗಿರಣಿ ಹಿಟ್ಟು ಬೇಡ. ನನ್ನ ಗಿರಾಕಿ ಹೋದರೂ ಚಿಂತೆಯಿಲ್ಲ. ಜೋಳ ಆರಿಸಿ, ತೊಳೆದು, ಒಣಗಿಸಿ ಮನೆಯಲ್ಲೇ ಸಣ್ಣ ಗಿರಣಿ ಇಟ್ಟು ಬೀಸಿಕೊಳ್ಳಿ.

ಉಣಕಲ್ ಅವ್ವ (10:55)

ಕಾಕಾ, ಅದನ್ನೇ ಮಾಡಿದ್ದೇವೆ. ಮೊದಲ ಮೂರು ತಿಂಗಳು ಗಿರಣಿ ಹಿಟ್ಟಿನ ರೊಟ್ಟಿ ಕೊಟ್ಟು ‘ಪಥ್ಯ ಮಾಡಿದರೂ ಏಕೆ ಕಡಿಮೆಯಾಗುತ್ತಿಲ್ಲ’ ಎಂದು ಅತ್ತದ್ದೂ ಇದೆ.

ಲೈನ್‌ಬಜಾರ್ ಲಕ್ಷ್ಮಿ (11:02)

ರೊಟ್ಟಿ ಮಾರುವವರಲ್ಲಿ ಕೆಲವರು ಹರಿಯಬಾರದೆಂದು ಜೋಳದ ಹಿಟ್ಟಿಗೆ ಗೋಧಿಹಿಟ್ಟು ಬೆರೆಸುತ್ತಾರೆ. ಖಾನಾವಳಿಯ ರೊಟ್ಟಿ ನಂಬುವ ಮುಂಚೆ ಕೇಳಿ. ಇನ್ನೊಂದು, ಇಂಗು! ಅಂಗಡಿಯ ಡಬ್ಬಿ ಇಂಗಿನಲ್ಲಿ ಬಹಳಷ್ಟು ಕಡೆ ಮೈದಾ ಅಥವಾ ಗೋಧಿಹಿಟ್ಟು ಸೇರಿರುತ್ತದೆ. ಹಿಂದಿನ ಚೀಟಿ ಓದಿ. ಸಾರು, ಚಟ್ನಿ, ಉಪ್ಪಿನಕಾಯಿ ಎಲ್ಲದರಲ್ಲೂ ಅದು ಕಳ್ಳನಂತೆ ನುಸುಳುತ್ತದೆ.

ಬ್ಯಾಡಗಿ ಖಾರ (11:06)

ಇಂಗಿನಲ್ಲಿ ಮೈದಾ ಇರುತ್ತದೆಯೇ? ನಲವತ್ತು ವರ್ಷ ಏನು ತಿಂದೆ ನಾನು!

ಸಾವಯವ ಸಂಗಪ್ಪ (11:20)

ಹೈಬ್ರಿಡ್ ಗೋಧಿಯಿಂದ ಬಂದ ರೋಗ ಇದು. ನಮ್ಮ ಕಪ್ಲಿ ಗೋಧಿ, ಜವೆ ಗೋಧಿ ಕೊಡಿ, ಏನೂ ಆಗುವುದಿಲ್ಲ. ಹೋಳಿಗೆಯೂ ಆಗುತ್ತದೆ, ಹುಗ್ಗಿಯೂ ಆಗುತ್ತದೆ.

ವಾರ್ಡ್ ಸಿಸ್ಟರ್ (11:24)

ಆಗುತ್ತದೆ ಸರ್, ಕರುಳು ಹಾಳಾಗುತ್ತದೆ. ಕಪ್ಲಿಯೂ ಗೋಧಿಯ ಜಾತಿಯೇ, ಗ್ಲುಟೆನ್ ಅದರಲ್ಲೂ ಇದೆ. ‘ಜವೆ ಗೋಧಿ’ ಎಂದು ನಮ್ಮಲ್ಲಿ ಕೆಲವರು ಕಪ್ಲಿಗೆ ಹೇಳುತ್ತಾರೆ, ಕೆಲವರು ಬಾರ್ಲಿಗೆ ಹೇಳುತ್ತಾರೆ. ಎರಡೂ ಈ ಮಗುವಿಗೆ ವಿಷ. ಕಪ್ಲಿ ಒಳ್ಳೆಯ ಧಾನ್ಯ, ಧಾರವಾಡ ಕೃಷಿ ವಿಶ್ವವಿದ್ಯಾಲಯವೇ ಅದರ ತಳಿಗಳನ್ನು ಕೊಟ್ಟಿದೆ. ನೀವು ತಿನ್ನಿ, ನಾನೂ ತಿನ್ನುತ್ತೇನೆ. ಈ ಮಕ್ಕಳಿಗೆ ಮಾತ್ರ ಬೇಡ.

ಗದಗಿನ ಮಾಸ್ತರ (ಸೋಮವಾರ, ಬೆಳಿಗ್ಗೆ 6:30)

ರಾತ್ರಿಯಿಡೀ ಹಿಟ್ಟು ಜರಡಿ ಹಿಡಿದಿದ್ದೀರಿ. ತಂಗಿ ಕೇಳಿದ್ದು ಜೊತೆಯ ಬಗ್ಗೆ.

ನಾನು ಪ್ರಾಥಮಿಕ ಶಾಲೆಯಲ್ಲಿ 27 ವರ್ಷ ಪಾಠ ಮಾಡಿದವನು. ನಾನೇ ಮಾಡಿದ ಒಂದು ತಪ್ಪು ಹೇಳುತ್ತೇನೆ. ನನ್ನ ತರಗತಿಯಲ್ಲಿ ಸಕ್ಕರೆ ಕಾಯಿಲೆಯ ಹುಡುಗನೊಬ್ಬನಿದ್ದ, ಇನ್ಸುಲಿನ್ ಚುಚ್ಚಿಕೊಳ್ಳುತ್ತಿದ್ದ. ಉಳಿದವರಿಗೆ ತಿಳಿವಳಿಕೆ ಬರಲಿ ಎಂದು ಅವನನ್ನು ಮುಂದೆ ನಿಲ್ಲಿಸಿ ಅರ್ಧ ಗಂಟೆ ಭಾಷಣ ಮಾಡಿದೆ. ಮಕ್ಕಳು ಚಪ್ಪಾಳೆಯನ್ನೂ ತಟ್ಟಿದರು. ಅಂದಿನಿಂದ ಅವನ ಹೆಸರು ಹೋಗಿ ‘ಸೂಜಿ’ ಎಂದಾಯಿತು. ಆರನೆಯ ತರಗತಿಗೆ ಶಾಲೆ ಬದಲಿಸಿದ. ಹೋಗುವ ದಿನ ನನಗೆ ನಮಸ್ಕಾರ ಮಾಡಿ ಹೋದ, ಅದು ಇನ್ನೂ ಚುಚ್ಚುತ್ತದೆ.

ಆದ್ದರಿಂದ ಶಾಲೆಯಲ್ಲಿ ‘ಜಾಗೃತಿ’ ಮಾಡಿಸಬೇಡಿ. ತರಗತಿಯ ಶಿಕ್ಷಕರಿಗೆ ಒಂದು ಪುಟದ ಪತ್ರ ಕೊಡಿ: ಏನು ಕೊಡಬಾರದು, ಏನು ಕೊಡಬಹುದು, ಅಂಟುವುದಿಲ್ಲ, ಮಣ್ಣಿನಂತೆ ಕಾಣುವ ಬಣ್ಣದ ಹಿಟ್ಟಿನಲ್ಲಿ ಆಡಿದರೆ ಕೈ ತೊಳೆಸಿ (ಅದರಲ್ಲಿ ಗೋಧಿಹಿಟ್ಟು ಇರುವುದುಂಟು). ಹುಟ್ಟುಹಬ್ಬಗಳ ಪಟ್ಟಿಯನ್ನು ಶಿಕ್ಷಕರಿಂದ ಮೊದಲೇ ತೆಗೆದುಕೊಳ್ಳಿ. ಆ ದಿನ ಅವಳ ಚೀಲದಲ್ಲಿ ಅವಳ ಸಿಹಿ ಇರಲಿ. ಮತ್ತೆ ಆ ‘ಡಬ್ಬಿ ಮುಟ್ಟಬೇಡ’ ಎಂದ ತಾಯಿಯನ್ನು ನೀವೇ ಹೋಗಿ ಕಾಣಿ, ಚಹಾಕ್ಕೆ ಕರೆಯಿರಿ. ಜಗಳಕ್ಕಲ್ಲ. ಅವರಿಗೂ ಯಾರೂ ಹೇಳಿರುವುದಿಲ್ಲ.

ಕೇಶ್ವಾಪುರದವ (8:15)

ನಾನು ಐದು ವರ್ಷ ಗುರುಗ್ರಾಮದಲ್ಲಿದ್ದೆ. ಅಲ್ಲಿ ನನ್ನ ಸಹೋದ್ಯೋಗಿಯ ಮಗನಿಗೆ ಇದೇ ಇತ್ತು. ಉತ್ತರದಲ್ಲಿ ಸುಮಾರು ನೂರಕ್ಕೆ ಒಬ್ಬರಿಗೆ ಇದ್ದರೆ ದಕ್ಷಿಣದಲ್ಲಿ ಸಾವಿರಕ್ಕೆ ಒಬ್ಬರ ಆಸುಪಾಸು ಎಂದು ಸಮೀಕ್ಷೆಯೊಂದು ಹೇಳುತ್ತದೆ. ಹಾಗಾಗಿ ಇಲ್ಲಿ ಜೊತೆ ಸಿಗುವುದು ಕಷ್ಟ. ದೆಹಲಿಯಲ್ಲಿ ಸೀಲಿಯಾಕ್ ಸೊಸೈಟಿ ಆಫ್ ಇಂಡಿಯಾ ಇದೆ, ಪಾಲಕರ ವಾಟ್ಸಾಪ್ ಗುಂಪುಗಳೂ ಇವೆ. ಮಾತೆಲ್ಲ ಹಿಂದಿ, ಅಡುಗೆಯೆಲ್ಲ ‘ಫುಲ್ಕಾ ಬದಲಿಗೆ ಏನು’ ಎನ್ನುವುದು. ದೊಡ್ಡವರಿಗೆ ಮಾಹಿತಿಗೆ ಒಳ್ಳೆಯದು. ಎಂಟು ವರ್ಷದ ಹುಬ್ಬಳ್ಳಿ ಹುಡುಗಿಗೆ ಗೆಳತಿ ಸಿಗಲಿಕ್ಕಿಲ್ಲ.

ವಾರ್ಡ್ ಸಿಸ್ಟರ್ (8:40)

ಸಾವಿರಕ್ಕೆ ಒಬ್ಬರೆಂದರೂ ಹುಬ್ಬಳ್ಳಿ-ಧಾರವಾಡದಂಥ ಊರಿನಲ್ಲಿ ನೂರಾರು ಮಂದಿ ಆಗುತ್ತಾರೆ ಸರ್. ಬಹಳ ಜನರಿಗೆ ಗೊತ್ತೇ ಇಲ್ಲ, ಅಷ್ಟೇ. ಅಕ್ಕಾ, ನಿಮ್ಮ ಮಕ್ಕಳ ವೈದ್ಯರನ್ನೋ ಆಹಾರ ತಜ್ಞೆಯನ್ನೋ ಕೇಳಿ. ಬೇರೆ ರೋಗಿಯ ಹೆಸರನ್ನು ಅವರು ನಿಮಗೆ ಕೊಡುವಂತಿಲ್ಲ. ಆದರೆ ನಿಮ್ಮ ಸಂಖ್ಯೆಯನ್ನು ಒಂದು ಚೀಟಿಯಲ್ಲಿ ಬರೆದುಕೊಟ್ಟು ‘ಇಂಥವರು ಬಂದರೆ ಕೊಡಿ’ ಎಂದರೆ ಯಾರೂ ಬೇಡ ಎನ್ನುವುದಿಲ್ಲ.

ಇನ್ನೊಂದು ಮಾತು: ಅವಳಿಗೆ ಅಣ್ಣ ತಮ್ಮ ಇದ್ದರೆ ಅವರ ರಕ್ತವನ್ನೂ ಪರೀಕ್ಷೆ ಮಾಡಿಸಿ, ನೀವಿಬ್ಬರೂ ಮಾಡಿಸಿಕೊಳ್ಳಿ. ಪರೀಕ್ಷೆಗೆ ಮುಂಚೆ ಗೋಧಿ ಬಿಡಬೇಡಿ, ಬಿಟ್ಟರೆ ಫಲಿತಾಂಶ ಸುಳ್ಳು ಬರುತ್ತದೆ.

ಬೆಟಗೇರಿ ಅಪ್ಪ (ಮಧ್ಯಾಹ್ನ 1:10)

ನಿನ್ನೆಯಿಂದ ಓದುತ್ತಿದ್ದೇನೆ, ಬರೆಯಲೋ ಬೇಡವೋ ಎಂದಿದ್ದೆ. ನನ್ನ ಮಗನಿಗೆ ಹತ್ತು ವರ್ಷ. ಆರನೆಯ ವಯಸ್ಸಿನಿಂದ ಟೈಪ್ 1 ಸಕ್ಕರೆ ಕಾಯಿಲೆ. ಅಂಥ ಮಕ್ಕಳಿಗೆ ಸೀಲಿಯಾಕ್ ಕೂಡ ಬರುವುದು ಹೆಚ್ಚೆಂದು ವೈದ್ಯರು ಪರೀಕ್ಷೆ ಬರೆದರು. ಹೊಟ್ಟೆನೋವು, ಭೇದಿ ಏನೂ ಇರಲಿಲ್ಲ, ಆದರೂ ಬಂತು. ಈಗ ಎರಡೂ ಇವೆ. ಮಾಸ್ತರರ ‘ಸೂಜಿ’ ಕಥೆ ಓದಿ ಎದ್ದು ಹೊರಗೆ ಹೋಗಿ ಬಂದೆ.

ನಾವು ಗದಗ-ಬೆಟಗೇರಿಯಲ್ಲಿದ್ದೇವೆ. ಹುಬ್ಬಳ್ಳಿಗೆ ರೈಲಿದೆ. ಮಗನಿಗೆ ಬೇರೆ ಮಗುವನ್ನು ನೋಡಬೇಕೆಂದು ಆಸೆಯಿದೆ, ನನಗಂತೂ ಬೇರೆ ತಂದೆತಾಯಿಯನ್ನು ನೋಡಬೇಕೆಂದು ಇನ್ನೂ ಆಸೆಯಿದೆ.

ಉಣಕಲ್ ಅವ್ವ (1:14)

ಅಣ್ಣಾ, ಖಂಡಿತ ಬನ್ನಿ. ಖಾಸಗಿ ಸಂದೇಶ ಕಳಿಸಿದ್ದೇನೆ. ಕಣ್ಣು ತುಂಬಿ ಬಂತು.

ಸಾಧನಕೇರಿ ಹುಡುಗಿ (4:25)

ನನಗೆ ಈಗ 26. ಹನ್ನೊಂದನೆಯ ವಯಸ್ಸಿನಿಂದ ಗೋಧಿ ಮುಟ್ಟಿಲ್ಲ. ಹಾಗಾಗಿ ನಾನು ಇಲ್ಲಿ ತಾಯಂದಿರ ಪರವಲ್ಲ, ಆ ಹುಡುಗಿಯ ಪರ ಮಾತಾಡುತ್ತೇನೆ.

ನನಗೆ ಇದೇ ಕಾಯಿಲೆಯ ಇನ್ನೊಬ್ಬರು ಸಿಕ್ಕಿದ್ದು 19ಕ್ಕೆ, ಅದೂ ಬೆಂಗಳೂರಿನಲ್ಲಿ. ಎರಡು ಗಂಟೆ ಬರೀ ಪರೋಟದ ವಾಸನೆಯ ಬಗ್ಗೆ ಮಾತಾಡಿದೆವು, ಬಹಳ ನಕ್ಕೆವು. ಆಮೇಲೆ ಮಾತು ಮುಗಿಯಿತು. ಮತ್ತೆ ಭೇಟಿಯಾಗಲಿಲ್ಲ. ನನ್ನನ್ನು ಕಾಪಾಡಿದ್ದು ಆ ಹುಡುಗಿಯಲ್ಲ. ಧಾರವಾಡದ ಶಾಲೆಯಲ್ಲಿ ನನ್ನ ಪಕ್ಕ ಕೂರುತ್ತಿದ್ದವಳು, ಅವಳಿಗೆ ಈ ಕಾಯಿಲೆಯ ಹೆಸರು ಇವತ್ತಿಗೂ ಸರಿಯಾಗಿ ಬರುವುದಿಲ್ಲ, ‘ಶಿಲೆಯ ಕಾಯಿಲೆ’ ಎನ್ನುತ್ತಾಳೆ.

ಎಂಟನೆಯ ತರಗತಿಯಲ್ಲಿ ಬಾದಾಮಿ-ಐಹೊಳೆ ಪ್ರವಾಸ ಹೋದೆವು. ದಾರಿಯಲ್ಲಿ ಎಲ್ಲರಿಗೂ ಪೂರಿ-ಭಾಜಿ. ನಾನು ಬಸ್ಸಿನಲ್ಲೇ ಉಳಿದು ನನ್ನ ಡಬ್ಬಿ ತೆರೆದೆ. ಅವಳು ಪೂರಿ ತಟ್ಟೆ ಬಿಟ್ಟು ಹತ್ತಿ ಬಂದು ‘ನಿಮ್ಮ ಅವ್ವ ಶೇಂಗಾ ಹಿಂಡಿ ಇಟ್ಟಿದ್ದಾರಾ’ ಎಂದು ಕೇಳಿ, ಕೈ ತೊಳೆದು ಬಂದು ಪಕ್ಕ ಕುಳಿತಳು. ಕನಿಕರದಿಂದಲ್ಲ. ಅವಳಿಗೆ ನಿಜವಾಗಿ ನಮ್ಮವ್ವನ ಹಿಂಡಿಯ ಆಸೆ. ಅದು ನನಗೆ ಗೊತ್ತಿದ್ದದ್ದರಿಂದಲೇ ಆ ದಿನ ರೊಟ್ಟಿ ಗಂಟಲಲ್ಲಿ ಇಳಿಯಿತು. ಮರುವರ್ಷದಿಂದ ಯಾರಾದರೂ ನನ್ನ ಕೈಗೆ ಬಿಸ್ಕತ್ತು ಕೊಟ್ಟರೆ ನನಗಿಂತ ಮುಂಚೆ ಅವಳೇ ಕಸಿದು ತಿನ್ನುತ್ತಿದ್ದಳು. ಕಾವಲು ಎಂದು ಹೇಳುತ್ತಿದ್ದಳು, ಅರ್ಧ ಹೊಟ್ಟೆಬಾಕತನವೇ.

ಅಕ್ಕಾ, ಮಗಳಿಗೆ ‘ಇಂಥದ್ದೇ ಮಗು’ ಹುಡುಕುವುದಕ್ಕಿಂತ ಅವಳ ಡಬ್ಬಿಗೆ ಆಸೆಪಡುವ ಮಗುವನ್ನು ಹುಡುಕಿ.

ಬೆಟಗೇರಿ ಅಪ್ಪ (4:50)

ತಂಗೀ, ನಿಮ್ಮ ಮಾತು ಸರಿ, ಆದರೆ ಪೂರ್ತಿ ಒಪ್ಪುವುದಿಲ್ಲ. ನಿಮಗೆ ಎರಡು ಗಂಟೆಯ ಆ ನಗು ಸಿಕ್ಕಿತಲ್ಲ. ನನ್ನ ಮಗ ‘ಇಡೀ ಗದಗಿನಲ್ಲಿ ನನಗೊಬ್ಬನಿಗೇ ಏಕೆ’ ಎಂದು ಕೇಳುತ್ತಾನೆ. ಆ ಪ್ರಶ್ನೆಗೆ ಹಿಂಡಿಯ ಆಸೆಯ ಗೆಳೆಯ ಉತ್ತರವಾಗುವುದಿಲ್ಲ.

ಸಾಧನಕೇರಿ ಹುಡುಗಿ (5:02)

ಹೌದಣ್ಣಾ. ನನಗೂ ಆ ಪ್ರಶ್ನೆ ಇತ್ತು, ಯಾರನ್ನೂ ಕೇಳಿರಲಿಲ್ಲ. ನಿಮ್ಮ ಮಗ ಕೇಳುತ್ತಾನೆ ಎನ್ನುವುದೇ ದೊಡ್ಡದು.

ಹಳೇ ಹುಬ್ಬಳ್ಳಿ ಅಜ್ಜಿ (6:30)

(ಮೊಮ್ಮಗ ಟೈಪ್ ಮಾಡುತ್ತಿದ್ದಾನೆ.) ನನಗೊಂದು ಸಂದೇಹ. ಸತ್ಯನಾರಾಯಣ ಪೂಜೆಯ ಸಜ್ಜಿಗೆ ರವೆಯದು. ಪ್ರಸಾದ ಒಲ್ಲೆ ಎಂದರೆ ಜನ ಒಂದು ನಮೂನೆ ನೋಡುತ್ತಾರೆ. ಕೂಸು ಏನು ಮಾಡಬೇಕು?

ಉಣಕಲ್ ಅವ್ವ (6:41)

ಅಜ್ಜಿ, ಮೊದಲು ಇದಕ್ಕೇ ನನ್ನ ಅತ್ತೆಯವರೊಂದಿಗೆ ಮನಸ್ತಾಪವಾಗಿತ್ತು. ‘ದೇವರ ಪ್ರಸಾದದಿಂದ ಕೆಡುಕಾಗುತ್ತದೆಯೇ’ ಎಂದು ಒಂದು ಚಮಚ ತಿನ್ನಿಸಿದರು, ರಾತ್ರಿಯಿಡೀ ವಾಂತಿ. ಬೆಳಗಿನ ಜಾವ ಮೊಮ್ಮಗಳ ಬೆನ್ನು ತಿಕ್ಕುತ್ತ ಕುಳಿತವರೂ ಅವರೇ. ಈಗ ಯಾರ ಮನೆಗೆ ಹೋದರೂ ಅವರೇ ಮುಂದಾಗಿ ‘ಈಕೆಗೆ ಬಾಳೆಹಣ್ಣಿನ ಪ್ರಸಾದ ಕೊಡಿ’ ಎನ್ನುತ್ತಾರೆ. ಹಣ್ಣನ್ನು ಸಜ್ಜಿಗೆಯ ತಟ್ಟೆಯಿಂದಲ್ಲ, ಬೇರೆ ಗೊನೆಯಿಂದ.

ಗದಗಿನ ಮಾಸ್ತರ (7:05)

ಬಾಳೆಹಣ್ಣು ಎಂದಿರಿ, ನೆನಪಾಯಿತು. ಗೋಧಿಯೇ ಕಾರಣ ಎಂದು ಗೊತ್ತಾಗುವ ಮುಂಚೆ ಅಮೆರಿಕದಲ್ಲಿ ಈ ಮಕ್ಕಳಿಗೆ ಬಾಳೆಹಣ್ಣಿನ ಪಥ್ಯ ಮಾಡಿಸುತ್ತಿದ್ದರು. ಮಕ್ಕಳು ಚೇತರಿಸಿಕೊಳ್ಳುತ್ತಿದ್ದರು, ಹಣ್ಣಿನ ಮಹಿಮೆ ಎಂದುಕೊಂಡರು. ಅಸಲಿಗೆ ಬ್ರೆಡ್ಡು ತಪ್ಪಿದ್ದರ ಮಹಿಮೆ. ನೆದರ್ಲೆಂಡ್ಸಿನ ಮಕ್ಕಳ ವೈದ್ಯ ವಿಲ್ಲೆಮ್ ಡಿಕೆಗೆ ಗೋಧಿಯ ಮೇಲೆ ಮೊದಲೇ ಗುಮಾನಿಯಿತ್ತು. 1944-45ರ ಚಳಿಗಾಲದಲ್ಲಿ ಯುದ್ಧದಿಂದ ಅಲ್ಲಿ ಬ್ರೆಡ್ಡೇ ಸಿಗದಂತಾಯಿತು. ಊರೆಲ್ಲ ಹಸಿದಿರುವಾಗ ಈ ಮಕ್ಕಳ ಕಾಯಿಲೆ ಇಳಿಯಿತು. ಬ್ರೆಡ್ಡು ಮರಳಿ ಬಂದಾಗ ಕಾಯಿಲೆಯೂ ಮರಳಿತು. ‘ನಮ್ಮ ಕಾಲದಲ್ಲಿ ಇರಲಿಲ್ಲ’ ಎಂದವರಿಗೆ ಇದನ್ನು ಹೇಳಬೇಕೆನಿಸಿತು. ಇತ್ತು, ಹೆಸರು ಗೊತ್ತಿರಲಿಲ್ಲ.

ಸಾಂಬಾರ್ ಪ್ರಿಯ (7:09)

ಮಾಸ್ತರೇ, ನಿನ್ನೆಯೇ ತಪ್ಪೊಪ್ಪಿಕೊಂಡಿದ್ದೇನಲ್ಲ!

ಕೇಶ್ವಾಪುರದವ (7:30)

ಭೇಟಿ ಎಲ್ಲಿ? ದುರ್ಗದ ಬೈಲಿನಲ್ಲಿ ಗಿರ್ಮಿಟ್, ಮಿರ್ಚಿ ತಿನ್ನಬಹುದಲ್ಲ, ಎರಡರಲ್ಲೂ ಗೋಧಿಯಿಲ್ಲ.

ಲೈನ್‌ಬಜಾರ್ ಲಕ್ಷ್ಮಿ (7:36)

ಮಿರ್ಚಿ ಕಡಲೆಹಿಟ್ಟಿನದೇ. ಆದರೆ ಅದೇ ಬಾಣಲೆಯಲ್ಲಿ ಸಮೋಸ ಕರಿದಿರುತ್ತಾರೆ. ಗಿರ್ಮಿಟ್ ಮನೆಯಲ್ಲೇ ಮಾಡಿದರಾಯಿತು, ಚುರುಮುರಿ, ಪುಟಾಣಿ ಹಿಟ್ಟು, ಹುಣಸೆ-ಬೆಲ್ಲ, ಉಳ್ಳಾಗಡ್ಡಿ. ಪುಟಾಣಿಯನ್ನೂ ಮನೆಯಲ್ಲೇ ಪುಡಿ ಮಾಡಿ. ನಾನು ಪೇಡಾ ತರುತ್ತೇನೆ, ಹಾಲು-ಸಕ್ಕರೆಯದು, ಮಾಡುವವರನ್ನು ಕೇಳಿಯೇ ತರುತ್ತೇನೆ.

ಬೆಟಗೇರಿ ಅಪ್ಪ (7:40)

ಪೇಡಾ ನನ್ನ ಮಗನ ಕಣ್ಣಿಗೆ ಬೀಳದಂತೆ ತನ್ನಿ ಅಕ್ಕಾ, ಅವನಿಗೆ ಸಕ್ಕರೆಯ ಲೆಕ್ಕವೂ ಇದೆ. ಒಂದು ಕೊಡಬಹುದು, ಇನ್ಸುಲಿನ್ ಹೊಂದಿಸುತ್ತೇನೆ.

ಬ್ಯಾಡಗಿ ಖಾರ (7:44)

ಗಿರ್ಮಿಟ್ ಎಂದರೆ ಧಾರವಾಡದ್ದೋ ಹುಬ್ಬಳ್ಳಿಯದ್ದೋ? ಇದು ಮೊದಲು ತೀರ್ಮಾನವಾಗಲಿ.

ಗಿರಣಿ ಕಾಕಾ (7:45)

ಶುರುವಾಯಿತು.

ಉಣಕಲ್ ಅವ್ವ (ಗುರುವಾರ, ರಾತ್ರಿ 9:15)

ಮಾಸ್ತರರು ಹೇಳಿದಂತೆ ಆ ಹುಡುಗಿಯ ತಾಯಿಯನ್ನು ಶಾಲೆಯ ಗೇಟಿನಲ್ಲಿ ಮಾತಾಡಿಸಿದೆ. ಆಕೆಯ ಮುಖ ಕೆಂಪಾಯಿತು. ‘ಕರುಳಿನ ರೋಗ ಎಂದು ಯಾರೋ ಹೇಳಿದರು, ಟೈಫಾಯಿಡ್ ತರಹ ಇರಬೇಕು ಎಂದುಕೊಂಡೆ’ ಎಂದರು. ಚಹಾಕ್ಕೆ ಇನ್ನೂ ಬಂದಿಲ್ಲ. ಆದರೆ ನಿನ್ನೆ ಆ ಹುಡುಗಿ ಇವಳ ಪಕ್ಕ ಕುಳಿತು ಕಡಕ್ ರೊಟ್ಟಿ ಮುರಿದುಕೊಂಡಳಂತೆ. ಇವಳ ವರದಿ: ‘ಅವಳಿಗೆ ಚಟ್ನಿ ಖಾರವಾಯಿತು, ನನ್ನ ನೀರೆಲ್ಲ ಕುಡಿದಳು.’ ದೂರೋ ಸಂತೋಷವೋ ತಿಳಿಯಲಿಲ್ಲ.

ಭೇಟಿ ರವಿವಾರ ನಾಲ್ಕಕ್ಕೆ ಉಣಕಲ್ ಕೆರೆಯ ಉದ್ಯಾನದಲ್ಲಿ. ಧಾರವಾಡದವರಿಗೆ ಚಿಗರಿ ಬಸ್ ಹತ್ತಿರದಲ್ಲೇ ನಿಲ್ಲುತ್ತದೆ. ಗಿರ್ಮಿಟ್ ನಮ್ಮ ಮನೆಯದು, ಇಂಗು ಹಾಕುವುದಿಲ್ಲ. ಬೆಟಗೇರಿಯ ಹುಡುಗನ ಬಗ್ಗೆ ಮಗಳಿಗೆ ಹೇಳಿದೆ. ಅವನಿಗೂ ನಿನ್ನಂತೆಯೇ ಇದೆ ಎಂದೆ. ಅದಕ್ಕೆ ಅವಳು ‘ಇರಲಿ, ಅವನಿಗೆ ಲಗೋರಿ ಆಡಲು ಬರುತ್ತದೆಯೇ’ ಎಂದು ಕೇಳಿದಳು.

ಬೆಟಗೇರಿ ಅಪ್ಪ (9:22)

ಬರುತ್ತದೆ. ಗುರಿ ಮಾತ್ರ ಸರಿಯಿಲ್ಲ, ಕಿಟಕಿಗಳಿಂದ ದೂರ ಆಡಿಸಬೇಕು.

ಸಾಧನಕೇರಿ ಹುಡುಗಿ (9:30)

ನಾನೂ ಬರುತ್ತೇನೆ. ‘ಶಿಲೆಯ ಕಾಯಿಲೆ’ಯವಳನ್ನೂ ಕರೆತರುತ್ತೇನೆ, ಗಿರ್ಮಿಟ್ ಎಂದ ಮೇಲೆ ಬಿಟ್ಟು ಬರಲು ಆಗುವುದಿಲ್ಲ. ಎರಡು ಪಾಲು ಜಾಸ್ತಿ ಮಾಡಿ ಅಕ್ಕಾ.